ಎಸಿ ಇಲ್ಲದ ತೂಗು ಕ್ಯಾಬಿನ್‌ನಲ್ಲಿ ಬೇಸಿಗೆ: ಹಿರೋಳ್ಳಿಯ ಬಿಸಿಲಿನಿಂದ ಗಿರ್ನಾರ್ ಬೆಟ್ಟದವರೆಗೆ



ಬೇಸಿಗೆ ರಜೆ ಬಂತೆಂದರೆ ನಮ್ಮ ಕರಾವಳಿಯ ಕುಟುಂಬಗಳು ಯಾತ್ರೆ, ಪ್ರವಾಸ ಎಂದು ಹೊರಡುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಈ ಪ್ರವಾಸಗಳ ಪಟ್ಟಿಯಲ್ಲಿ ರೋಪ್‌ವೇ ಸವಾರಿಯೂ ಸೇರಿಕೊಂಡಿದೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಅದೊಂದು ವರದಾನ. ಆದರೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ, ಎಸಿ ಇಲ್ಲದ ಗಾಜಿನ ಪೆಟ್ಟಿಗೆಯೊಳಗೆ ಎಂಟು ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಾಗ ಏನಾಗುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಾಗಾಗಿ ಈ ಲೇಖನ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಾವು ಕಲಬುರಗಿಯಿಂದ ಆಳಂದ ಮಾರ್ಗವಾಗಿ ಮಹಾರಾಷ್ಟ್ರದ ಕಡೆಗೆ ಹೊರಟಿದ್ದೆವು. ಗಡಿಯಲ್ಲಿರುವ ಹಿರೋಳ್ಳಿಯಲ್ಲಿ ಬಸ್ಸು ನಿಂತಿತು. ಹೊರಗೆ ಬೆಂಕಿಯಂಥ ಬಿಸಿಲು. ಬಸ್ಸು ಓಡುತ್ತಿದ್ದಾಗ ಹೇಗೋ ತಡೆದುಕೊಂಡಿದ್ದ ನಮಗೆ ನಿಂತ ಐದೇ ನಿಮಿಷದಲ್ಲಿ ಒಲೆಯ ಮೇಲೆ ಕುಳಿತಂತಾಯಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ತಲೆಯ ಮೇಲಿನ ರುಮಾಲನ್ನು ಸರಿಪಡಿಸಿಕೊಳ್ಳುತ್ತಾ, "ಬಸ್ ನಿಂತ್ರ ಗಾಳಿ ನಿಂತಂಗ ನೋಡ್ರಿ ಅಪ್ಪಾರ. ಕೆಳಗ ಇಳದು ಬೇವಿನ ಗಿಡದ ನೆಳ್ಳಾಗ ನಿಲ್ರಿ" ಎಂದರು. ನಾವು ಹಾಗೆಯೇ ಮಾಡಿದೆವು.

ಅದೇ ಪ್ರವಾಸದಲ್ಲಿ, ನೆರೆರಾಜ್ಯದ ಒಂದು ರೋಪ್‌ವೇಯಲ್ಲಿ ನಾವು ಕುಳಿತಿದ್ದ ಕ್ಯಾಬಿನ್ ನಡುದಾರಿಯಲ್ಲಿ ನಿಂತುಬಿಟ್ಟಿತು. ಸುಮಾರು ಹದಿನೈದು ನಿಮಿಷ. ಇಲ್ಲಿ ಇಳಿಯಲು ಬೇವಿನ ಮರವೂ ಇಲ್ಲ, ನೆಲವೂ ಇಲ್ಲ. ನಮ್ಮ ಜೊತೆಗಿದ್ದ ರಕ್ತದೊತ್ತಡದ ಮಾತ್ರೆ ಸೇವಿಸುವ ತಾಯಿಯೊಬ್ಬರು ಮೊದಲು ಮೌನವಾದರು, ಬಳಿಕ ತಲೆ ಸುತ್ತುತ್ತದೆ ಎಂದರು. ಕುಡಿಯುವ ನೀರಿನ ಬಾಟಲಿ? ಅದು ಕೆಳಗೆ ಬಸ್ಸಿನಲ್ಲಿತ್ತು! ಐದು ನಿಮಿಷದ ಸವಾರಿಗೆ ನೀರೇಕೆ ಎಂದು ಬಿಟ್ಟುಬಂದವರು ನಾವೇ. ಕ್ಯಾಬಿನ್ ಮತ್ತೆ ಚಲಿಸಿತು, ಅವರು ಚೇತರಿಸಿಕೊಂಡರು. ಆದರೆ ಆ ಹದಿನೈದು ನಿಮಿಷ ನಾವು ಮರೆತಿಲ್ಲ.

ಹಾಗಾದರೆ ಈ ಕ್ಯಾಬಿನ್‌ಗಳಿಗೆ ಎಸಿ ಯಾಕೆ ಹಾಕುವುದಿಲ್ಲ? ಹಲವರು ನಮ್ಮನ್ನು ಕೇಳಿದ ಪ್ರಶ್ನೆ ಇದು. ಉತ್ತರ ಸರಳ. ರೋಪ್‌ವೇಯಲ್ಲಿ ಮೋಟಾರು ಇರುವುದು ನಿಲ್ದಾಣದಲ್ಲಿ, ಕ್ಯಾಬಿನ್‌ನಲ್ಲಿ ಅಲ್ಲ. ಮೋಟಾರು ಉಕ್ಕಿನ ಹಗ್ಗವನ್ನು ಎಳೆಯುತ್ತದೆ, ಹಗ್ಗಕ್ಕೆ ಕಚ್ಚಿಕೊಂಡ ಕ್ಯಾಬಿನ್ ಹಿಂದೆಯೇ ಹೋಗುತ್ತದೆ. ಆ ಹಗ್ಗದಲ್ಲಿ ಕ್ಯಾಬಿನ್‌ಗೆ ವಿದ್ಯುತ್ ಬರುವುದಿಲ್ಲ. ದೀಪಕ್ಕೆ, ಧ್ವನಿವರ್ಧಕಕ್ಕೆ, ಹೆಚ್ಚೆಂದರೆ ಒಂದು ಸಣ್ಣ ಫ್ಯಾನಿಗೆ ಬೇಕಾದಷ್ಟನ್ನು ಬ್ಯಾಟರಿಯಿಂದಲೋ ಮಾಡಿನ ಮೇಲಿನ ಸೌರಫಲಕದಿಂದಲೋ ಕೊಡಬಹುದು. ಎಸಿಗೆ ಬೇಕಾಗುವುದು ಅದರ ಎಷ್ಟೋ ಪಟ್ಟು. ಅದಕ್ಕೆ ತಕ್ಕ ಬ್ಯಾಟರಿ ಮತ್ತು ಯಂತ್ರ ಹೊತ್ತರೆ ಭಾರ ಏರುತ್ತದೆ, ಹೊರುವ ಜನರ ಸಂಖ್ಯೆ ಇಳಿಯುತ್ತದೆ. ಅಸಾಧ್ಯವೆಂದಲ್ಲ, ಲಾಭವಿಲ್ಲವೆಂದು ಹೆಚ್ಚಿನವರು ಅದರ ಗೋಜಿಗೆ ಹೋಗುವುದಿಲ್ಲ. ಸಿಂಗಾಪುರದಲ್ಲಿ 1974ರಿಂದ ಓಡುತ್ತಿರುವ ಕೇಬಲ್ ಕಾರ್ ಆಗಲಿ, ಹಾಂಗ್‌ಕಾಂಗ್‌ನಲ್ಲಿ 2006ರಲ್ಲಿ ಆರಂಭವಾದ 5.7 ಕಿಲೋಮೀಟರ್ ಉದ್ದದ ಎನ್‌ಗಾಂಗ್ ಪಿಂಗ್ ಮಾರ್ಗವಾಗಲಿ ನಂಬಿರುವುದು ಗಾಳಿಕಿಂಡಿಗಳನ್ನೇ. ಇವೆರಡೂ ನಮ್ಮ ಮಂಗಳೂರಿನಂತೆಯೇ ಸೆಕೆಯ ಊರುಗಳು.

ಇನ್ನು ಕ್ಯಾಬಿನ್ ಬಿಸಿಯಾಗುವ ಬಗೆ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವಾಟ್ ಶಾಖ ತರುತ್ತದೆ. ಸುತ್ತಲೂ ಪಾರದರ್ಶಕ ಹಾಳೆ ಇರುವುದರಿಂದ ಅದರಲ್ಲಿ ದೊಡ್ಡ ಪಾಲು ಒಳಗೆ ಬಂದು, ಹೊರಗೆ ಹೋಗಲಾರದೆ ಉಳಿಯುತ್ತದೆ. ಇದರ ಮೇಲೆ ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಬಿಡುತ್ತದೆ. ಎಂಟು ಜನರೆಂದರೆ 800. ಒಟ್ಟಿನಲ್ಲಿ ಆ ಪುಟ್ಟ ಪೆಟ್ಟಿಗೆಯೊಳಗೆ ಎರಡು ಇಸ್ತ್ರಿಪೆಟ್ಟಿಗೆ ಉರಿಯುತ್ತಿವೆ ಎಂದುಕೊಳ್ಳಿ. ಮೇಲೆ ಹೋದಂತೆ ತಂಪಾಗುವುದಿಲ್ಲವೇ ಎಂದರೆ, ಆಗುತ್ತದೆ, ಆದರೆ ಸಾವಿರ ಮೀಟರ್ ಏರಿದರೆ ಇಳಿಯುವುದು ಸುಮಾರು ಆರೂವರೆ ಡಿಗ್ರಿ. ಇನ್ನೂರು ಮೀಟರಿನ ಗುಡ್ಡಕ್ಕೆ ಒಂದು ಡಿಗ್ರಿ ಚಿಲ್ಲರೆ. ಅದನ್ನು ನೆಚ್ಚಿಕೊಳ್ಳಲಾಗದು.

ಉಳಿಸುವುದು ಚಲನೆ. ಸೆಕೆಂಡಿಗೆ ಐದಾರು ಮೀಟರ್ ವೇಗವೆಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್, ಸೈಕಲ್ ಜೋರಾಗಿ ತುಳಿದಷ್ಟು ಗಾಳಿ. ಕೆಳಗಿನ ಕಿಂಡಿಯಿಂದ ಗಾಳಿ ಒಳಬಂದು, ಬಿಸಿಯಾಗಿ ಮೇಲೇರಿ, ಮಾಡಿನ ಬಳಿಯ ಕಿಂಡಿಯಿಂದ ಹೊರಗೆ ಹೋಗಬೇಕು. ಇದು ಹೊಸ ವಿದ್ಯೆಯೇನಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ನೋಡಿದವರಿಗೆ ಮಾಡಿನ ನಡುವಿನ ಬೆಳಕಿಂಡಿ ಗೊತ್ತು. ಬೆಳಕಿಗೆಂದು ಹೆಸರಾದರೂ ಹೊಗೆಯೂ ಬಿಸಿಗಾಳಿಯೂ ಹೊರಹೋಗುವ ದಾರಿ ಅದೇ. ಆ ಮನೆಗಳ ದಪ್ಪ ಗೋಡೆ ಹಗಲಿನ ಶಾಖವನ್ನು ಹೀರಿಕೊಂಡು ಒಳಗೆ ಬಿಡಲು ಸಂಜೆಯವರೆಗೆ ತಡಮಾಡುತ್ತದೆ. ಹಗ್ಗಕ್ಕೆ ತೂಗುವ ಕ್ಯಾಬಿನ್‌ಗೆ ಅಂಥ ಗೋಡೆ ಕಟ್ಟಲಾಗದು, ಬೆಳಕಿಂಡಿಯನ್ನು ಮಾತ್ರ ಎರವಲು ಪಡೆಯಬಹುದು. ಮಾಡಿಗೆ ಬಿಳಿ ಬಣ್ಣ, ಗಾಜಿಗೆ ಬಿಸಿಲು ತಡೆಯುವ ಹಾಳೆ, ಖಾಲಿ ಕ್ಯಾಬಿನ್‌ಗಳನ್ನು ಬಿಸಿಲಿಗೆ ಬಿಡದೆ ನಿಲ್ದಾಣದ ನೆರಳಿನಲ್ಲಿ ಇಡುವುದು, ಇವೆಲ್ಲ ದೊಡ್ಡ ಖರ್ಚಿಲ್ಲದ ಉಪಾಯಗಳು.

ಇಲ್ಲಿ ಕರಾವಳಿಯವರಾದ ನಾವು ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ನಮ್ಮದು ಸೆಕೆ, ಬಯಲುಸೀಮೆಯದು ಝಳ. ನಮ್ಮಲ್ಲಿ ಗಾಳಿಯಲ್ಲಿ ನೀರಿನಂಶ ಹೆಚ್ಚು, ಬೆವರು ಆರುವುದಿಲ್ಲ, ಅಂಗಿ ಒದ್ದೆಯಾಗಿ ಕಿರಿಕಿರಿ, ಹಾಗಾಗಿ ಬಾಯಾರಿದ್ದು ಗೊತ್ತಾಗುತ್ತದೆ. ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿದಂತೆಯೇ ಇರುತ್ತದೆ, ಒಳಗಿನ ನೀರು ಮಾತ್ರ ಖಾಲಿಯಾಗುತ್ತಿರುತ್ತದೆ. "ಬೆವರೇ ಬರಲಿಲ್ಲ, ಪರವಾಗಿಲ್ಲ" ಎಂದು ನಮ್ಮವರು ಮೋಸಹೋಗುವುದು ಇಲ್ಲಿಯೇ. ಇನ್ನೊಂದು ವಿಷಯ: ಉಷ್ಣತೆ 40 ಡಿಗ್ರಿ ದಾಟಿದಾಗ ಫ್ಯಾನ್ ಗಾಳಿ ಮೈಯನ್ನು ತಣಿಸುವ ಬದಲು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಕಲಬುರಗಿಯಲ್ಲಿ ಬೇಸಿಗೆಯ ಉಷ್ಣತೆ 40 ದಾಟುವುದು ಸಾಮಾನ್ಯ. ಅಂಥ ಹೊತ್ತಿನಲ್ಲಿ ಕಿಂಡಿಯ ಗಾಳಿಯೊಂದೇ ಸಾಲದು. ಒದ್ದೆ ಬಟ್ಟೆಯನ್ನು ಕುತ್ತಿಗೆಗೆ, ತಲೆಗೆ ಸುತ್ತಿಕೊಂಡರೆ ಅದೇ ಗಾಳಿ ತಂಪು ಕೊಡುತ್ತದೆ. ಹಿರೋಳ್ಳಿಯ ಆ ರೈತರ ರುಮಾಲು ಬರೀ ಶೋಭೆಗಲ್ಲ!

ಕ್ಯಾಬಿನ್ ನಿಂತುಹೋದರೆ? 2022ರ ಏಪ್ರಿಲ್ 10ರಂದು ಜಾರ್ಖಂಡಿನ ದೇವಘರ ಬಳಿಯ ತ್ರಿಕೂಟ ಬೆಟ್ಟದ ರೋಪ್‌ವೇಯಲ್ಲಿ ಅಪಘಾತ ಸಂಭವಿಸಿ ಹಲವರು ಕ್ಯಾಬಿನ್‌ಗಳಲ್ಲಿ ಸಿಕ್ಕಿಬಿದ್ದರು. ಎಲ್ಲರನ್ನೂ ಇಳಿಸಲು 40 ಗಂಟೆಗೂ ಹೆಚ್ಚು ಹಿಡಿಯಿತು. ವಾಯುಸೇನೆಯ ಹೆಲಿಕಾಪ್ಟರ್‌ಗಳು ಬಂದವು, ಡ್ರೋನ್ ಮೂಲಕ ನೀರು, ಆಹಾರ ಕಳುಹಿಸಲಾಯಿತು. ಮೂವರು ಪ್ರಾಣ ಕಳೆದುಕೊಂಡರು. ಇಂಥದ್ದು ಅಪರೂಪ, ನಿಜ. ಆದರೆ ಅರ್ಧ ಲೀಟರ್ ನೀರನ್ನು ಚೀಲದಲ್ಲಿಟ್ಟುಕೊಳ್ಳಲು ನಮಗೆ ಇಷ್ಟು ಸಾಕು.

ನಮ್ಮ ರಾಜ್ಯದಲ್ಲಿ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗಾಗಿ ಕಬ್ಬಿಣದ ಅದಿರನ್ನು ಕೆಳಗಿಳಿಸಲು ಹಿಂದೆ ಹಗ್ಗದ ದಾರಿ ಇತ್ತು. ಅದಿರಿಗೆ ಸೆಕೆಯ ಚಿಂತೆ ಇರಲಿಲ್ಲ. ಜನರನ್ನು ಒಯ್ಯುವ ರೋಪ್‌ವೇಗಾಗಿ ನಂದಿಬೆಟ್ಟ, ಅಂಜನಾದ್ರಿ ಮುಂತಾದ ಕಡೆ ಪ್ರಸ್ತಾಪಗಳು ಕೇಳಿಬಂದಿವೆ. 2022ರ ಕೇಂದ್ರ ಬಜೆಟ್‌ನಲ್ಲಿ ಪರ್ವತಮಾಲಾ ಎಂಬ ಯೋಜನೆಯೇ ಘೋಷಣೆಯಾಯಿತು. ನಂದಿಬೆಟ್ಟ ತಂಪು ಜಾಗ, ಬಿಡಿ. ಕೊಪ್ಪಳ ಜಿಲ್ಲೆಯ ಅಂಜನಾದ್ರಿಯ ಸುತ್ತ ಕಾದ ಬಂಡೆಗಳೇ ಇವೆ. ಅಲ್ಲಿ ರೋಪ್‌ವೇ ಆಗುವುದಾದರೆ ಯುರೋಪಿನ ಹಿಮದ ಬೆಟ್ಟಕ್ಕೆಂದು ರೂಪಿಸಿದ ಕ್ಯಾಬಿನ್ ತಂದು ತೂಗುಹಾಕದೆ, ಕಿಂಡಿ, ನೆರಳು, ಕಾಯುವವರಿಗೆ ಕುಡಿಯುವ ನೀರು ಇವನ್ನು ಟೆಂಡರಿನಲ್ಲೇ ಬರೆಯಬೇಕೆಂದು ನಮ್ಮ ಅಭಿಪ್ರಾಯ. ಸಾಲಿನಲ್ಲಿ ಒಂದು ಗಂಟೆ ಬಿಸಿಲಿಗೆ ನಿಂತು ಬಸವಳಿದವರು ಕ್ಯಾಬಿನ್‌ನೊಳಗೆ ಕುಸಿದರೆ ಅದು ಕ್ಯಾಬಿನ್ನಿನ ತಪ್ಪಲ್ಲ.

ಮಹಾರಾಷ್ಟ್ರದ ರಾಯಗಡ ಕೋಟೆಯಲ್ಲೂ ರೋಪ್‌ವೇ ಇದೆ. ಅದು 1996ರಲ್ಲಿ ಆರಂಭವಾದದ್ದು. ಗುಜರಾತಿನ ಗಿರ್ನಾರ್‌ನಲ್ಲಿ 2020ರ ಅಕ್ಟೋಬರ್ 24ರಂದು ಉದ್ಘಾಟನೆಯಾದ ಮಾರ್ಗ 2.3 ಕಿಲೋಮೀಟರ್ ಉದ್ದ. ಸುಮಾರು 5000 ಮೆಟ್ಟಿಲುಗಳ ದಾರಿಯನ್ನು ಎಂಟು ಜನರ ಕ್ಯಾಬಿನ್ ಏಳೆಂಟು ನಿಮಿಷದಲ್ಲಿ ಮುಗಿಸುತ್ತದೆ. ಪುಣ್ಯಭೂಮಿಯ ಯಾತ್ರೆ ಮಾಡಿದ ನಮ್ಮ ಓದುಗರಿಗೆ ಜೆರಿಕೋದ ಕೇಬಲ್ ಕಾರ್ ನೆನಪಿರಬಹುದು. ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಆ ಸುಡುವ ಊರಿನಿಂದ ಪ್ರಭು ಯೇಸು ಶೋಧನೆಗೊಳಗಾದರೆಂದು ನಂಬಲಾದ ಬೆಟ್ಟಕ್ಕೆ ಅದು ಕೊಂಡೊಯ್ಯುತ್ತದೆ.

ಎಲ್ಲಿಗೇ ಹೋಗಲಿ, ಬೆಳಿಗ್ಗೆಯ ಮೊದಲ ಗಂಟೆಗಳಲ್ಲೇ ಹತ್ತಿಬಿಡಿ. ಹಿಂತಿರುಗುವಾಗ ಮಧ್ಯಾಹ್ನವಾದರೆ ಮೇಲೆಯೇ ನೆರಳಲ್ಲಿ ಕಾದು ಇಳಿಹೊತ್ತಿಗೆ ಇಳಿಯಿರಿ. ಬಿಗಿಯಾದ ಪಾಲಿಯೆಸ್ಟರ್ ಬದಲು ಸಡಿಲ ಹತ್ತಿ ಬಟ್ಟೆ ಇರಲಿ. ಹತ್ತುವ ಮೊದಲು ಮಜ್ಜಿಗೆಯೋ ಉಪ್ಪು ಸಕ್ಕರೆ ಬೆರೆಸಿದ ನೀರೋ ಕುಡಿಯಿರಿ. ಕ್ಯಾಬಿನ್ ತುಂಬಿಸಲು ಸಿಬ್ಬಂದಿ ಅವಸರಪಡಿಸಿದರೂ, ಹಿರಿಯರು ಮಕ್ಕಳು ಇದ್ದರೆ ಗಾಳಿಕಿಂಡಿಯ ಪಕ್ಕದ ಜಾಗ ಕೇಳಿ ಪಡೆಯಿರಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಪ್ರವಾಸಕ್ಕೆ ಮುನ್ನ ತಮ್ಮ ವೈದ್ಯರನ್ನು ಕೇಳಿಕೊಳ್ಳುವುದು ಒಳಿತು. ಯಾರಾದರೂ ತಡವರಿಸಿ ಮಾತನಾಡಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪಿದರೆ ಅದು ಬರೀ ಸುಸ್ತಲ್ಲ. ಇಳಿದ ಕೂಡಲೇ ನೆರಳಿನಲ್ಲಿ ಮಲಗಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.