ಅಪ್ಪನಿಗೆ ಸಿಕ್ಕ ಆಂಬುಲೆನ್ಸ್ ಮಾವನಿಗೆ ಸಿಗಲಿಲ್ಲ

ರಾತ್ರಿ ಒಂದೂವರೆ ದಾಟಿದ ಮೇಲೆ ಊರಿಂದ ಫೋನ್ ಬಂತು ಅಂದ್ರೆ ಅದು ಒಳ್ಳೆ ಸುದ್ದಿ ಆಗಿರೋಲ್ಲ. ಅಪ್ಪ ಅಮ್ಮನನ್ನ ಊರಲ್ಲಿ ಬಿಟ್ಟು ಬೆಂಗಳೂರಲ್ಲಿ ಕೆಲಸ ಮಾಡ್ತಿರೋ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈ. ಚಿಕ್ಕಪ್ಪನ ಫೋನು. "ತಂಗೀ, ಅಣ್ಣನಿಗೆ ಎದೆನೋವು. ಮೈಯೆಲ್ಲ ಬೆವರು. ಏನಾದ್ರೂ ಮಾಡು."

ಏನಾದ್ರೂ ಮಾಡು! ನಾನಿರೋದು ಎಚ್‌ಎಸ್‌ಆರ್ ಲೇಔಟಿನ ಎರಡನೇ ಮಹಡಿಯಲ್ಲಿ. ಅಪ್ಪ ಇರೋದು ಉತ್ತರ ಕನ್ನಡದ ಕರಾವಳಿಯಿಂದ ಸ್ವಲ್ಪ ಒಳಗೆ, ಘಟ್ಟದ ಬುಡದ ಒಂದು ಹಳ್ಳಿಯಲ್ಲಿ. ಬೆಂಗಳೂರಿಂದಲೇ 108 ಒತ್ತಿದೆ. ಜಿಲ್ಲೆ ಯಾವುದು, ತಾಲ್ಲೂಕು ಯಾವುದು, ಊರು ಯಾವುದು, ಹತ್ತಿರದ ಗುರುತು ಏನು ಅಂತ ಆ ಹುಡುಗಿ ಸಮಾಧಾನದಲ್ಲಿ ಕೇಳಿದಳು. "ಮಾರುತಿ ಗುಡಿ ದಾಟಿ ಕಾಲುಸಂಕ, ಅದರ ಆಚೆ ಮನೆ" ಅಂದೆ. "ಗಾಡಿ ಮನೆವರೆಗೆ ಬರುತ್ತಾ ಮೇಡಂ?" ಅಂದಳು. ಕಾಲುಸಂಕದ ಮೇಲೆ ಮನುಷ್ಯರೇ ಒಬ್ಬರ ಹಿಂದೆ ಒಬ್ಬರು ನಡೀಬೇಕು. ಗಾಡಿ ಎಲ್ಲಿಂದ ಬರಬೇಕು?

ಅಪ್ಪನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮಳೆಯಲ್ಲಿ, ಟಾರ್ಚ್ ಹಿಡ್ಕೊಂಡು ಡಾಂಬರು ರಸ್ತೆಗೆ ಹೊತ್ತು ತಂದರು. ಕುರ್ಚಿಯ ಒಂದು ಕಡೆ ಚಿಕ್ಕಪ್ಪ. ಇನ್ನೊಂದು ಕಡೆ ಪಕ್ಕದ ಮನೆಯ ಮಾವ. ಸಂಬಂಧದಲ್ಲಿ ಮಾವ ಏನಲ್ಲ. ನಮ್ಮ ತೋಟದ ಕೆಲಸಕ್ಕೆ ಬರ್ತಿದ್ದರು, ಸಣ್ಣವಳಿದ್ದಾಗಿಂದ ಹಾಗೆ ಕರೆದು ರೂಢಿ, ಅಷ್ಟೆ.

ಆಂಬುಲೆನ್ಸ್ ಬರೋಕೆ 40 ನಿಮಿಷ ಆಯ್ತು. ಆ ಮಳೆಯಲ್ಲಿ, ಆ ತಿರುವುಗಳಲ್ಲಿ ಅದಕ್ಕಿಂತ ಬೇಗ ಬರೋಕೆ ಸಾಧ್ಯ ಇರಲಿಲ್ಲ ಅಂತ ಚಿಕ್ಕಪ್ಪ ಈಗಲೂ ಹೇಳ್ತಾರೆ. ಗಾಡಿಯಲ್ಲಿದ್ದ ಹುಡುಗ ಆಕ್ಸಿಜನ್ ಹಾಕಿದ, ಬಿಪಿ ನೋಡಿದ, ಅಪ್ಪನ ಕೈ ಹಿಡ್ಕೊಂಡೇ ಕೂತಿದ್ದ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಆಯ್ತು. ಡಾಕ್ಟರು ನೋಡಿ ಒಂದೇ ಮಾತು ಹೇಳಿದರು: "ಇಲ್ಲಿ ಆಗೋದಿಲ್ಲ, ಮುಂದೆ ಕರ್ಕೊಂಡು ಹೋಗಿ."

ಈ 'ಮುಂದೆ' ಅನ್ನೋ ಪದ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಕಾರವಾರ, ಅಂಕೋಲದವರಿಗೆ ಮುಂದೆ ಅಂದ್ರೆ ಗೋವಾ. ಯಲ್ಲಾಪುರ, ಹಳಿಯಾಳ, ಶಿರಸಿಯವರಿಗೆ ಹುಬ್ಬಳ್ಳಿ. ಸಿದ್ದಾಪುರದವರಿಗೆ ಶಿವಮೊಗ್ಗ. ಹೊನ್ನಾವರ, ಭಟ್ಕಳದವರಿಗೆ ಕುಂದಾಪುರ, ಉಡುಪಿ, ಮಣಿಪಾಲ, ಅಲ್ಲೂ ಆಗದಿದ್ದರೆ ಮಂಗಳೂರು. ಒಂದು ಜಿಲ್ಲೆಯ ಜನ ಜೀವ ಉಳಿಸ್ಕೊಳ್ಳೋಕೆ ನಾಲ್ಕು ದಿಕ್ಕಿಗೆ ಓಡ್ತಾರೆ, ಒಂದು ದಿಕ್ಕಲ್ಲಂತೂ ರಾಜ್ಯದ ಗಡಿಯನ್ನೇ ದಾಟ್ತಾರೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಇಲ್ಲ ಅನ್ನೋಲ್ಲ. ಆದರೆ ಅದು ಜಿಲ್ಲೆಯ ಉತ್ತರದ ತುದಿ. ದಕ್ಷಿಣದ ತುದಿಯ ಭಟ್ಕಳದಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಜಾಸ್ತಿ.

ಆಂಬುಲೆನ್ಸಿನ ಅಸಲಿ ಕಥೆ ಶುರುವಾಗೋದು ಈ 'ಮುಂದೆ' ಅನ್ನೋ ಕಡೆಯಿಂದಲೇ. ಮನೆಯಿಂದ ಮೊದಲ ಆಸ್ಪತ್ರೆವರೆಗಿನ ದಾರಿಗೆ 108 ಇದೆ. ಹೈದರಾಬಾದಿನಲ್ಲಿ 2005ರಲ್ಲಿ ಶುರುವಾದ ಈ ವ್ಯವಸ್ಥೆ ನಮ್ಮಲ್ಲಿಗೆ 'ಆರೋಗ್ಯ ಕವಚ' ಅನ್ನೋ ಹೆಸರಲ್ಲಿ 2008ರ ನವೆಂಬರ್ 1ರಂದು ಬಂತು. ಉಚಿತ. ಅದಿಲ್ಲದ ಕಾಲದಲ್ಲಿ ನಮ್ಮೂರಲ್ಲಿ ಬಾಣಂತಿಯರನ್ನ ಹಾಲಿನ ಗಾಡಿಯಲ್ಲಿ, ಅಡಿಕೆ ಲಾರಿಯಲ್ಲಿ ಸಾಗಿಸಿದ್ದನ್ನ ಅಮ್ಮ ಹೇಳ್ತಾಳೆ. ಆದರೆ ಮೊದಲ ಆಸ್ಪತ್ರೆಯಿಂದ ಎರಡನೇ ಆಸ್ಪತ್ರೆಗೆ? ಅಲ್ಲಿ ಸರ್ಕಾರಿ ಗಾಡಿ ಖಾಲಿ ಇದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ನಿಮ್ಮ ಜೇಬು.

ಅವತ್ತು ನನ್ನ ಜೇಬಲ್ಲಿ ಸ್ಮಾರ್ಟ್‌ಫೋನ್ ಇತ್ತು. ಕಾಲೇಜಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೆಸೇಜ್ ಹಾಕಿದೆ. ಹತ್ತು ನಿಮಿಷದಲ್ಲಿ ನಾಲ್ಕು ಡ್ರೈವರ್‌ಗಳ ನಂಬರ್ ಬಂತು. ಮೂರನೆಯವರ ಹತ್ತಿರ ವೆಂಟಿಲೇಟರ್ ಇರೋ ಗಾಡಿ ಇತ್ತು. 14 ಸಾವಿರ, ಅರ್ಧ ಈಗಲೇ ಹಾಕಿ ಅಂದರು. ಹಾಸಿಗೆಯ ಮೇಲೆ ಕೂತಲ್ಲೇ ಹಾಕಿದೆ. ಅವರು ಹೋಗಬೇಕಾಗಿದ್ದ ಊರಲ್ಲಿ ನನ್ನ ಪಿಯುಸಿ ಗೆಳತಿ ಡಾಕ್ಟರು. ಅವಳನ್ನ ಎಬ್ಬಿಸಿದೆ. ಗಾಡಿ ತಲುಪುವ ಹೊತ್ತಿಗೆ ಅಲ್ಲಿ ಎಲ್ಲ ತಯಾರಾಗಿತ್ತು. ಅಪ್ಪನಿಗೆ ಒಂದು ಸ್ಟೆಂಟ್ ಬಿತ್ತು. ಈಗ ಬೆಳಿಗ್ಗೆ ಸಕ್ಕರೆ ಹಾಕದ ಚಹಾ ಕುಡೀತಾ ಎಲ್ಲರಿಗೂ ಬೈತಾರೆ, ಆರಾಮಿದ್ದಾರೆ.

ಎರಡು ತಿಂಗಳಾಗಿತ್ತು, ಚೌತಿಗೆ ಒಂದು ವಾರ ಇತ್ತು. ಕುರ್ಚಿ ಹೊತ್ತ ಅದೇ ಮಾವನಿಗೆ ಅದೇ ನೋವು ಬಂತು.

ಅವತ್ತು ರಾತ್ರಿ ಕರೆಂಟ್ ಇರಲಿಲ್ಲ. ನಮ್ಮ ಕಡೆ ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ಟವರ್ ಕೂಡ ಮಲಗುತ್ತೆ. ಮಾವನ ಮಗ ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಿದ. 108 ಸಿಕ್ಕಿತು, ಗಾಡಿಯೂ ಬಂತು, ಆಸ್ಪತ್ರೆಗೂ ತಲುಪಿದರು. ಅಲ್ಲಿ ಮತ್ತೆ ಅದೇ ಮಾತು, ಮುಂದೆ ಕರ್ಕೊಂಡು ಹೋಗಿ. ಆಸ್ಪತ್ರೆಯ ಗಾಡಿ ಇನ್ನೊಬ್ಬ ರೋಗಿಯನ್ನ ಬಿಡೋಕೆ ಹೋಗಿತ್ತು. ಹೊರಗಡೆ ನಿಂತಿದ್ದ ಖಾಸಗಿ ಗಾಡಿಯವರು ಮುಂಗಡ ಕೇಳಿದರು. ಮಗನ ಹತ್ತಿರ ಎರಡು ಸಾವಿರ ಚಿಲ್ಲರೆ ಇತ್ತು. ದುಡ್ಡು ಹೊಂದಿಸೋಕೆ ಬೆಳಕು ಹರೀತು. ಕೊನೆಗೆ ಒಂದು ಓಮ್ನಿ ಸಿಕ್ಕಿತು, ಒಳಗೆ ಒಂದು ಸಿಲಿಂಡರ್, ಒಂದು ಮಂಚ. ಶಿರೂರು ಟೋಲ್‌ಗೇಟ್ ಬರೋ ಮೊದಲೇ ಮಾವ ಹೋಗಿಬಿಟ್ಟರು.

ನನಗೆ ಫೋನ್ ಮಾಡಬಹುದಿತ್ತಲ್ಲ ಅಂತ ಆಮೇಲೆ ಅವನನ್ನ ಕೇಳಿದೆ. "ನಿಮ್ಮ ನಂಬರ್ ನನ್ನ ಹತ್ರ ಇರಲಿಲ್ಲ ಅಕ್ಕ" ಅಂದ. ಬಿಪಿಎಲ್ ಕಾರ್ಡು, ಆಯುಷ್ಮಾನ್ ಕಾರ್ಡು ಎಲ್ಲ ಇತ್ತಲ್ಲ? "ಅದು ಅಲ್ಲಿಗೆ ಮುಟ್ಟಿದ ಮೇಲೆ ತಾನೇ ಅಕ್ಕ?"

ಈಗ ಶಿರೂರು ಟೋಲ್‌ಗೇಟ್ ಅಂದ ತಕ್ಷಣ ನಿಮಗೆ ಬೇರೆ ಏನೋ ನೆನಪಾಗಿರಬಹುದು. 2022ರ ಜುಲೈ 20. ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನ ಕರ್ಕೊಂಡು ಹೊರಟಿದ್ದ ಆಂಬುಲೆನ್ಸ್, ಮಳೆಯಲ್ಲಿ ಜಾರಿ ತಿರುಗಿ ಟೋಲ್‌ಗೇಟಿಗೆ ಅಪ್ಪಳಿಸಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ರೋಗಿಯೂ ಸೇರಿ ನಾಲ್ವರು ತೀರಿಹೋದರು. ಆ ಗಾಡಿ ಯಾಕೆ ಅಷ್ಟು ವೇಗವಾಗಿ ಬಂತು, ಟೋಲಿನಲ್ಲಿ ಅಡ್ಡ ಏನಿತ್ತು ಅಂತ ಟಿವಿಯವರು ಎರಡು ದಿನ ಚರ್ಚೆ ಮಾಡಿದರು. ನಮ್ಮ ಕಡೆಯವರು ಕೇಳಿದ ಪ್ರಶ್ನೆ ಬೇರೆ: ಹೊನ್ನಾವರದ ರೋಗಿ ಇನ್ನೊಂದು ಜಿಲ್ಲೆಗೆ ಯಾಕೆ ಹೋಗಬೇಕಿತ್ತು? 2019ರಲ್ಲೇ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಟ್ವಿಟರ್ ಅಭಿಯಾನ ನಡೆದಿತ್ತು. ಈ ಅಪಘಾತ ಆದ ಮೇಲೆ 'ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ' ಅನ್ನೋವರೆಗೆ ಹೋಯ್ತು. ಭರವಸೆಗಳೂ ಬಂದವು. ಭರವಸೆಗೆ ನಮ್ಮಲ್ಲಿ ಬರ ಇಲ್ಲ.

(ಇನ್ನೊಂದು ಶಿರೂರು ಇದೆ, ಅಂಕೋಲಾ ತಾಲ್ಲೂಕಿನದು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಇರೋ ಒಂದು ಹೆದ್ದಾರಿಯೂ ಮುಚ್ಚಿದ ಮೇಲೆ 'ಮುಂದೆ' ಅಂದ್ರೆ ಯಾವ ಕಡೆ?)

ಸುಮ್ಮನೆ ಕೂತು ಒಂದು ಲೆಕ್ಕ ಹಾಕಿದೆ, ನೀವೂ ಹಾಕಿ ನೋಡಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡದಲ್ಲಿ ಒಂದು ಲಕ್ಷ ಜನಕ್ಕೆ ಒಂದು ಸಾಧಾರಣ ಆಂಬುಲೆನ್ಸ್, ಐದು ಲಕ್ಷ ಜನಕ್ಕೆ ಒಂದು ಸುಧಾರಿತ ಜೀವರಕ್ಷಕ ಆಂಬುಲೆನ್ಸ್. ಕೇಳೋಕೆ ನ್ಯಾಯವಾಗೇ ಇದೆ, ಎಲ್ಲರಿಗೂ ಸಮ. 2011ರ ಜನಗಣತಿ ಪ್ರಕಾರ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ, ವಿಸ್ತೀರ್ಣ 10 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಬಹುಪಾಲು ಕಾಡು. ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ, ವಿಸ್ತೀರ್ಣ 2,200ರ ಆಸುಪಾಸು. ಮಾನದಂಡವನ್ನ ಚಾಚೂ ತಪ್ಪದೆ ಪಾಲಿಸಿದರೂ ಬೆಂಗಳೂರಿನ ಒಂದು ಸಾಧಾರಣ ಆಂಬುಲೆನ್ಸ್ ಪಾಲಿಗೆ ಬರೋದು ಸುಮಾರು 23 ಚದರ ಕಿಲೋಮೀಟರ್. ನಮ್ಮಲ್ಲಿ ಅದೇ ಗಾಡಿಯ ಪಾಲು 700ಕ್ಕೂ ಹೆಚ್ಚು. ಸುಧಾರಿತ ಗಾಡಿಗಳು ಇಡೀ ಜಿಲ್ಲೆಗೆ ಹೆಚ್ಚುಕಮ್ಮಿ ಮೂರು! ತಲೆ ಎಣಿಸಿದರೆ ಸಮ, ದಾರಿ ಅಳೆದರೆ ಅಲ್ಲ.

ಬೆಂಗಳೂರಿನವರು ಇದನ್ನ ಓದಿ ನಗಬಹುದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸೈರನ್ ಹೊಡ್ಕೊಂಡು ನಿಂತ ಗಾಡಿಗೆ 23 ಆದರೇನು, ಎರಡಾದರೇನು? ಒಪ್ತೀನಿ. ಟ್ರಾಫಿಕ್ಕಿನ ಕಾರಣಕ್ಕೇ ಅಲ್ಲಿ 2015ರಲ್ಲಿ ಬೈಕ್ ಆಂಬುಲೆನ್ಸ್ ತಂದರು. ಆದರೂ ಅಲ್ಲಿ ಟ್ರಾಫಿಕ್ ದಾಟಿದ ಮೇಲೆ ಒಂದು ಆಸ್ಪತ್ರೆ ಇರುತ್ತೆ.

ಇನ್ನು ಗಾಡಿಯ ಒಳಗೆ ಏನಿದೆ ಅನ್ನೋ ವಿಚಾರ. ಹೊರಗಡೆ ಎಲ್ಲದರ ಮೇಲೂ ಅದೇ ಕೆಂಪು ಅಕ್ಷರ, ಅದೇ ನೀಲಿ ದೀಪ. ಆದರೆ ಎಐಎಸ್ 125 ಅನ್ನೋ ಕೇಂದ್ರದ ಮಾನದಂಡದಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ಬಗೆ ಇದೆ. 'ಎ' ಅಂದ್ರೆ ಮೊದಲು ಸ್ಥಳಕ್ಕೆ ಮುಟ್ಟುವ ವಾಹನ. 'ಬಿ' ಬರೀ ರೋಗಿಯನ್ನ ಸಾಗಿಸೋಕೆ. 'ಸಿ' ಪ್ರಾಥಮಿಕ ಜೀವರಕ್ಷಣೆಗೆ, 'ಡಿ' ವೆಂಟಿಲೇಟರ್ ಮಟ್ಟದ ಸುಧಾರಿತ ಜೀವರಕ್ಷಣೆಗೆ. ಅಪ್ಪ ಹೋಗಿದ್ದು 'ಡಿ' ತರಹದ್ದರಲ್ಲಿ. ಮಾವ ಹೋಗಿದ್ದು ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ಒಂದರಲ್ಲಿ. ನಡುರಾತ್ರಿ ಆಸ್ಪತ್ರೆಯ ಗೇಟಲ್ಲಿ ನಿಂತವನಿಗೆ ಈ ಎಬಿಸಿಡಿ ಯಾರು ಹೇಳಿಕೊಡ್ತಾರೆ?

ಹೀಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಒಬ್ಬ ಬಡ ಮನುಷ್ಯನ ಕೇಸು ಸುಪ್ರೀಂ ಕೋರ್ಟಿಗೇ ಹೋಗಿತ್ತು ಅಂತ ಈಚೆಗೆ ಓದಿದೆ. ಪಶ್ಚಿಮ ಬಂಗಾಳದ ಹಕೀಮ್ ಶೇಖ್ ಅನ್ನೋ ಕೃಷಿ ಕಾರ್ಮಿಕ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡ್ಕೊಂಡರು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಸೌಲಭ್ಯ ಇಲ್ಲ ಅಂದರು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟೇ ಚಿಕಿತ್ಸೆ ಆಗಬೇಕಾಯ್ತು. 1996ರಲ್ಲಿ ಕೋರ್ಟ್ ಹೇಳಿತು: ಸಕಾಲಕ್ಕೆ ತುರ್ತು ಚಿಕಿತ್ಸೆ ಕೊಡದಿರೋದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಅಂದ್ರೆ ಬದುಕುವ ಹಕ್ಕಿನದ್ದು. ದುಡ್ಡಿಲ್ಲ ಅನ್ನೋದು ಸರ್ಕಾರಕ್ಕೆ ನೆಪ ಆಗಬಾರದು. ಎಲ್ಲಿ ಬೆಡ್ ಖಾಲಿ ಇದೆ ಅಂತ ತಿಳಿಯುವ ಕೇಂದ್ರ ವ್ಯವಸ್ಥೆ ಬೇಕು, ಸಲಕರಣೆ ಮತ್ತು ಸಿಬ್ಬಂದಿ ಇರುವ ಆಂಬುಲೆನ್ಸ್ ಬೇಕು ಅಂತಲೂ ಆ ತೀರ್ಪಿನಲ್ಲಿದೆ. ಅಪ್ಪನ ವಿಚಾರದಲ್ಲಿ ಆ ಕೇಂದ್ರ ವ್ಯವಸ್ಥೆಯ ಕೆಲಸ ಮಾಡಿದ್ದು ನನ್ನ ಪಿಯುಸಿ ಗೆಳತಿ.

ಈ ನಡುವೆ 2025ರ ಜನವರಿಯಲ್ಲಿ ಗುರುಗ್ರಾಮದಲ್ಲಿ ಬ್ಲಿಂಕಿಟ್ 10 ನಿಮಿಷದ ಆಂಬುಲೆನ್ಸ್ ಶುರು ಮಾಡಿದೆ ಅನ್ನೋ ಸುದ್ದಿ ಬಂದಾಗ ಆಫೀಸಿನಲ್ಲಿ ಎಲ್ಲರೂ ಶೇರ್ ಮಾಡಿದರು. ಐದು ಗಾಡಿಗಳು, ಒಳಗೆ ಎಇಡಿ, ಮಾನಿಟರ್, ಜೊತೆಗೆ ತರಬೇತಿ ಪಡೆದವರು. ಒಳ್ಳೆಯದೇ, ಒಂದು ಜೀವ ಉಳಿದರೂ ಒಳ್ಳೆಯದೇ. ನನಗೆ ಮಾತ್ರ ಕಾಲುಸಂಕ ನೆನಪಾಯ್ತು. ಹಾಗೇ ಮಂಗಳೂರಿಂದ ಬೆಂಗಳೂರಿಗೆ ಹಸುಗೂಸನ್ನ 'ಝೀರೋ ಟ್ರಾಫಿಕ್' ಮಾಡಿ ತಂದಾಗ ನಾವೆಲ್ಲ ಲೈವ್ ನೋಡಿ ಕಣ್ಣೀರು ಹಾಕ್ತೀವಿ, ಡ್ರೈವರಿಗೆ ಚಪ್ಪಾಳೆ ಹೊಡೀತೀವಿ. ಹೊಡೀಲೇಬೇಕು. ಆದರೆ ಝೀರೋ ಟ್ರಾಫಿಕ್ ಮಾಡಿಸೋಕೂ ಯಾರಾದರೂ ಯಾರಿಗಾದರೂ ಫೋನ್ ಮಾಡಬೇಕಲ್ಲ.

ನನಗೆ ಭರವಸೆ ಅನ್ನಿಸಿದ್ದು ಇನ್ನೊಂದು. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನ ದೂರದ ತಜ್ಞರು ನೋಡಿ, ಹೃದಯಾಘಾತ ಅಂತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನ ಅಲ್ಲೇ ಉಚಿತವಾಗಿ ಕೊಡ್ತಾರೆ. ಹೊರಗಡೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. 'ಮುಂದೆ' ಹೋಗೋದು ತಪ್ಪೋದಿಲ್ಲ, ಆದರೆ ಹೋಗೋಕೆ ಸಮಯ ಸಿಗುತ್ತೆ. ಮಾವನಿಗೆ ಬೇಕಾಗಿದ್ದು ಆ ಸಮಯವೇ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ, ಮುಂದಿನ ಸಲ ಊರಿಗೆ ಹೋದಾಗ ಒಳಗೆ ಹೋಗಿ ಕೇಳ್ಕೊಂಡು ಬನ್ನಿ. ಫೋನಲ್ಲಿ ಅಲ್ಲ, ಖುದ್ದಾಗಿ.

ಹಾಗೇ ಇನ್ನೂ ಒಂದೆರಡು ಕೆಲಸ. ನೀವೆಲ್ಲೇ ಇರಿ, ರಾಜ್ಯದೊಳಗಿಂದ 108 ಒತ್ತಿದರೆ ಊರಿಗೆ ಗಾಡಿ ಕಳಿಸಬಹುದು ಅನ್ನೋದು ನನ್ನ ಎಷ್ಟೋ ಸಹೋದ್ಯೋಗಿಗಳಿಗೆ ಗೊತ್ತೇ ಇರಲಿಲ್ಲ. ಮನೆಗೆ ದಾರಿ ಹೇಳುವ ಎರಡು ಸಾಲು ಬರೆದು ಫೋನಲ್ಲಿ ಇಟ್ಕೊಳ್ಳಿ, ಗಾಬರಿಯಲ್ಲಿ ನಮ್ಮ ಮನೆ ದಾರಿಯೇ ಮರೆತುಹೋಗುತ್ತೆ. ಖಾಸಗಿ ಗಾಡಿ ಮಾಡಿದರೆ ರೇಟು ಕೇಳುವ ಮೊದಲು ವೆಂಟಿಲೇಟರ್ ಇದೆಯಾ, ಜೊತೆಗೆ ತರಬೇತಿ ಆದವರು ಬರ್ತಾರಾ ಕೇಳಿ. ಹೊರಡುವ ಮುಂಚೆ ಆ ಕಡೆ ಆಸ್ಪತ್ರೆಗೆ ಫೋನ್ ಮಾಡಿ ಬೆಡ್ ಖಚಿತ ಮಾಡ್ಕೊಳ್ಳಿ. ಇದೆಲ್ಲ ಬರೀತಾ ಇರುವಾಗಲೇ ನನಗೆ ಗೊತ್ತು, ಇದು ಫೋನಲ್ಲಿ ಚಾರ್ಜ್, ನೆಟ್‌ವರ್ಕ್, ಖಾತೆಯಲ್ಲಿ ದುಡ್ಡು ಇರುವವರಿಗೆ ಮಾತ್ರ ಆಗುವ ಮಾತು.

ಕಳೆದ ಚೌತಿಗೆ ಊರಿಗೆ ಹೋಗಿದ್ದೆ. ಕಾಲುಸಂಕ ಹಾಗೇ ಇದೆ, ಒಂದು ಕಡೆಗೆ ಹೊಸ ಕಬ್ಬಿಣದ ಕಂಬಿ ಬಂದಿದೆ. ಮಾವನ ಮನೆಗೆ ಪಂಚಕಜ್ಜಾಯ ಕೊಡೋಕೆ ಹೋದಾಗ ಮಗ ಗೋಡೆ ತೋರಿಸಿದ. ಕ್ಯಾಲೆಂಡರಿನ ಪಕ್ಕ ಇದ್ದಿಲಿನಲ್ಲಿ ದೊಡ್ಡದಾಗಿ 108. ಅದರ ಕೆಳಗೆ ಮೂರು ಡ್ರೈವರ್‌ಗಳ ನಂಬರು. ಅದರ ಕೆಳಗೆ ನನ್ನದು. ಕೊನೇ ಎರಡು ಅಂಕಿ ಅದಲುಬದಲಾಗಿತ್ತು. ಅಳಿಸಿ ಸರಿಯಾಗಿ ಬರೆದು ಬಂದೆ.