ಸ್ಲಿಂಗ್ ಹರಿಯುವುದು ಅಂಚಿನಲ್ಲಿ

ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಗ್ರಾನೈಟ್ ದಿಮ್ಮಿಯೊಂದು ಹಡಗಿಗೆ ಏರುವಾಗ ಎಲ್ಲರ ಕಣ್ಣು ಕ್ರೇನಿನ ತುದಿಯಲ್ಲಿರುತ್ತದೆ. ನೋಡಬೇಕಾದದ್ದು ಕೆಳಗೆ, ಎತ್ತುವ ಪಟ್ಟಿ ಅಥವಾ ಹಗ್ಗವಾದ ಸ್ಲಿಂಗನ್ನು ಕಲ್ಲಿನ ಮೂಲೆ ಒತ್ತುವ ಜಾಗವನ್ನು.

ಸ್ಲಿಂಗ್ ಎಷ್ಟು ಟನ್ ತಾಳುತ್ತದೆ ಎಂಬುದಕ್ಕೆ ಪ್ರಮಾಣಪತ್ರ ಇರುತ್ತದೆ, ಅಂಚು ಎಷ್ಟು ಹರಿತ ಎಂಬುದಕ್ಕೆ ಇರುವುದಿಲ್ಲ. ಲಿಫ್ಟಿಂಗ್ ಬೆಲ್ಟ್ ಎಂದು ಕರೆಯುವ ಪಾಲಿಯೆಸ್ಟರ್ ಸ್ಲಿಂಗನ್ನು ಸಾಮಾನ್ಯವಾಗಿ ನಮೂದಿಸಿದ ಭಾರದ ಏಳು ಪಟ್ಟು ತಾಳುವಂತೆ ತಯಾರಿಸುತ್ತಾರೆ. ಹಾಗಿದ್ದೂ ಭಾರ ಹೊತ್ತು ಬಿಗಿದಿರುವಾಗ ಕಲ್ಲಿನ ಅಥವಾ ಕಬ್ಬಿಣದ ತೊಲೆಯ ಮೂಲೆಯಲ್ಲಿ ತುಸು ಜಾರಿದರೆ ಸಾಕು, ಅದು ಕತ್ತರಿಸಿಹೋಗುತ್ತದೆ. ಅಂಚಿಗೂ ಸ್ಲಿಂಗಿಗೂ ನಡುವೆ ಗೋಣಿ ಮಡಚಿ ತುರುಕುವುದು ನಮ್ಮಲ್ಲಿ ರೂಢಿ. ಆ ಗೋಣಿ ಸಣ್ಣಪುಟ್ಟ ತಿಕ್ಕಾಟಕ್ಕೆ ಸಾಕಾಗಬಹುದು, ಹರಿತ ಅಂಚಿಗಲ್ಲ. ಅಲ್ಲಿಗೆ ಮೂಲೆಗೆ ಕೂರುವ ಗಟ್ಟಿ ಪ್ಯಾಡೇ ಬೇಕು.

ಇನ್ನೊಂದು ವಿಷಯ, ಕೋನದ ಲೆಕ್ಕ. 10 ಟನ್ ಸರಕನ್ನು ಎರಡು ಸ್ಲಿಂಗ್ ನೇರವಾಗಿ ಎತ್ತಿದರೆ ಒಂದೊಂದಕ್ಕೆ 5 ಟನ್. ಅವು ನೆಲಮಟ್ಟದೊಂದಿಗೆ 60 ಡಿಗ್ರಿ ವಾಲಿದರೆ ಸುಮಾರು 5.8, 45ಕ್ಕೆ ಇಳಿದರೆ 7.1. 30 ಡಿಗ್ರಿಯಲ್ಲಿ ಒಂದೊಂದರ ಮೇಲೂ ಪೂರ್ತಿ 10 ಟನ್ ಎಳೆತ! ಸರಕು ಅದೇ, ಕ್ರೇನ್ ಅದೇ. ಸ್ಲಿಂಗ್ ಗಿಡ್ಡವಾಯಿತು, ಅಷ್ಟೆ. ಉದ್ದ ಹೆಚ್ಚಾಯಿತೆಂದು ಗಂಟು ಹಾಕುವವರಿಗಂತೂ ಏನು ಹೇಳುವುದು? ಗಂಟು ಬಿದ್ದಲ್ಲಿ ಬಲ ಕುಸಿಯುತ್ತದೆ.

ನಮ್ಮೂರಿನ ಹವೆಯೂ ಸ್ಲಿಂಗಿನ ಶತ್ರು. ಉಪ್ಪುಗಾಳಿ, ಜೂನ್‌ನಿಂದ ಬಿಡದ ಮಳೆ ಸೇರಿ ಉಕ್ಕಿನ ವೈರ್ ರೋಪ್ ಸ್ಲಿಂಗನ್ನು ಒಳಗಿನಿಂದಲೇ ತಿನ್ನುತ್ತವೆ. ಗ್ರೀಸ್ ಕಾಣದ, ಕೆಸರಲ್ಲಿ ಬಿದ್ದ ರೋಪ್ ಹೊರಗೆ ಸರಿಯಾಗಿ ಕಂಡರೂ ನಂಬಬಾರದು. ಬೆಲ್ಟಿಗೆ ಬಿಸಿಲು ಕೆಟ್ಟದ್ದು. ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು ಎಂದು ಬೆಲ್ಟಿಗೆ ಬಣ್ಣದ ಗುರುತಿದೆ. ಬಣ್ಣ ಮಾಸಿ, ಲೇಬಲ್ ಕಿತ್ತುಹೋಗಿದ್ದರೆ ಅದನ್ನು ಹುಕ್ಕಿಗೆ ಹಾಕಲೇಬಾರದು. ಸರಕು ಇಳಿಸುವಾಗ ಅಡಿಯಲ್ಲಿ ಮರದ ತುಂಡು ಇಟ್ಟರೆ ಸ್ಲಿಂಗ್ ಸಲೀಸಾಗಿ ಹೊರಬರುತ್ತದೆ. ಅದರ ಬದಲು ಕ್ರೇನಿನಿಂದಲೇ ಎಳೆದು ತೆಗೆಯುವ ಅವಸರದಲ್ಲಿ ಎಷ್ಟೋ ಹೊಸ ಬೆಲ್ಟುಗಳು ಹಾಳಾಗುತ್ತವೆ.

ಹಡಗುಕಟ್ಟೆಗಳ ಕೆಲಸಕ್ಕೆಂದು 1990ರಲ್ಲೇ ಸುರಕ್ಷತಾ ನಿಯಮಾವಳಿ ಬಂದಿತ್ತು. ಆದರೆ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲೋ ನಗರದ ಅಪಾರ್ಟ್‌ಮೆಂಟ್ ಕಟ್ಟಡದಲ್ಲೋ ಎತ್ತುವ ಮುನ್ನ ಒಮ್ಮೆ ಕೈಯಾಡಿಸಿ ನೋಡುವವರು ಸ್ಲಿಂಗ್ ಕಟ್ಟುವ ರಿಗ್ಗರ್‌ಗಳೇ. ಅದಕ್ಕೆ ಬೇಕಾದ ಎರಡು ನಿಮಿಷವನ್ನು ಅವರಿಗೆ ಕೊಡುವುದು ಗುತ್ತಿಗೆದಾರರ ಹೊಣೆ.

ಗುತ್ತಿಗೆದಾರರಲ್ಲಿ ಒಂದು ಕೋರಿಕೆ: ಹಾಳಾದ ಬೆಲ್ಟನ್ನು ಮೂಲೆಗೆ ಎಸೆಯಬೇಡಿ, ಎರಡು ತುಂಡು ಮಾಡಿ ಎಸೆಯಿರಿ. ಇಡಿಯಾಗಿ ಬಿಟ್ಟರೆ ನಾಳೆ ಯಾರೋ ಅದನ್ನೇ ಮತ್ತೆ ಹುಕ್ಕಿಗೆ ಸಿಕ್ಕಿಸುತ್ತಾರೆ.