ಪಹಣಿ ಇದ್ದವರಿಗೆ ಪರಿಹಾರ

ಚಿತ್ರದುರ್ಗ ಜಿಲ್ಲೆಯ ರೈತರ ಬ್ಯಾಂಕ್ ಖಾತೆಗೆ ಸರ್ಕಾರದ ಹಣ ಹಲವು ಹೆಸರಿನಲ್ಲಿ ಬರುತ್ತದೆ. ಆದರೆ ಪ್ರತಿಯೊಂದಕ್ಕೂ ಆಧಾರ ಪಹಣಿ. ಪಹಣಿಯ ಸರ್ವೆ ನಂಬರು, ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಜೋಡಿಸಿ ಫ್ರೂಟ್ಸ್ ತಂತ್ರಾಂಶ ಕೊಡುವ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ಇಲ್ಲದಿದ್ದರೆ ಬರ ಪರಿಹಾರವೂ ಸಿಗದು, ಹನಿ ನೀರಾವರಿಯ ಸಹಾಯಧನವೂ ಸಿಗದು.

ನಿಯಮಿತವಾಗಿ ಬರುವುದು ಪಿಎಂ ಕಿಸಾನ್ ಹಣ: ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. 2019ರಲ್ಲಿ ರಾಜ್ಯ ಸರ್ಕಾರ ಇದಕ್ಕೆ 4,000 ರೂಪಾಯಿ ಸೇರಿಸಿತ್ತು. 2023ರಲ್ಲಿ ಅದು ನಿಂತಿತು. ಐದು ಎಕರೆಯವರಿಗೂ ಅರ್ಧ ಎಕರೆಯವರಿಗೂ ಮೊತ್ತ ಒಂದೇ.

ಬೆಳೆ ಹಾನಿ ಪರಿಹಾರದ ಲೆಕ್ಕ ಬೇರೆ. 2023ರಲ್ಲಿದ್ದ ದರದಂತೆ, ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ ಎರಡು ಹೆಕ್ಟೇರ್. ಹಾಗಾಗಿ ಒಣಗಿದ ಶೇಂಗಾ ಹೊಲಕ್ಕೆ ಆ ದರದಲ್ಲಿ ಹಿರಿಯೂರಿನ ರೈತ ಪಡೆಯುವುದು ಎಕರೆಗೆ ಸುಮಾರು 3,440 ರೂಪಾಯಿ. ಬೀಜ, ಗೊಬ್ಬರ, ಉಳುಮೆ, ಕೂಲಿಯ ಮುಂದೆ ಇದು ತೀರ ಸಣ್ಣ ಮೊತ್ತ. ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಹೆಚ್ಚಿನ ದರವಿದೆ. ಆದರೆ ಒಣಗಿದ ಮರದ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಹಲವು ವರ್ಷ ಬೇಕು.

2023ರ ಬರದಲ್ಲಿ ಈ ವ್ಯವಸ್ಥೆಯ ನಿಧಾನ ಎದ್ದುಕಂಡಿತು. ಸೆಪ್ಟೆಂಬರಿನಲ್ಲಿ ಬರ ಘೋಷಣೆಯಾಯಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಕೇಂದ್ರದ ನೆರವಿಗೆ ಕಾಯುತ್ತಲೇ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿಯನ್ನು ರಾಜ್ಯವೇ ಹಾಕಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್‌ನಲ್ಲಿ, ಕೇಂದ್ರ ಸುಮಾರು 3,454 ಕೋಟಿ ಬಿಡುಗಡೆ ಮಾಡಿತು. ಅಷ್ಟರಲ್ಲಿ ಮುಂದಿನ ಮುಂಗಾರಿನ ಬಿತ್ತನೆ ಹತ್ತಿರ ಬಂದಿತ್ತು. ಪರಿಹಾರ ಬೆಳೆ ಸಮೀಕ್ಷೆಯನ್ನೂ ಅವಲಂಬಿಸುತ್ತದೆ: ಈರುಳ್ಳಿ ಹಾಕಿದ ಹೊಲ ಆ್ಯಪ್‌ನಲ್ಲಿ ಬೀಳು ಎಂದು ದಾಖಲಾದರೆ ಆ ರೈತನ ಹೆಸರು ಪಟ್ಟಿಗೆ ಬರುವುದಿಲ್ಲ.

ಸಾವೆ ಬೆಳೆಯುವ ಹೊಸದುರ್ಗದಂಥ ತಾಲ್ಲೂಕಿಗೆ ರೈತಸಿರಿ ಯೋಜನೆ ಹೊಂದುವಂಥದ್ದು. ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಡುವ ಈ ಯೋಜನೆ 2019ರ ರಾಜ್ಯ ಬಜೆಟ್ಟಿನಲ್ಲಿ ಬಂತು. ನಷ್ಟವಾದ ಮೇಲೆ ಕೊಡುವುದಕ್ಕಿಂತ, ಕಡಿಮೆ ಮಳೆಗೆ ಒಗ್ಗುವ ಬೆಳೆಗೆ ಮೊದಲೇ ಆಸರೆಯಾಗುವುದು ಒಣಭೂಮಿಗೆ ಹೆಚ್ಚು ಒಪ್ಪುವ ದಾರಿ. ಇನ್ನೊಂದು ಆಸರೆ ಬೆಳೆ ವಿಮೆ: ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತ ವಿಮಾ ಮೊತ್ತದ ಶೇ 2ರಷ್ಟು ಕಟ್ಟುತ್ತಾನೆ, ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ.

ಇಷ್ಟಾದರೂ ಹೊರಗುಳಿಯುವವರಿದ್ದಾರೆ. ತೀರಿಕೊಂಡ ಹಿರಿಯರ ಹೆಸರಲ್ಲೇ ಪಹಣಿ ಉಳಿದ ಮನೆಗಳಿಗೆ ಪೌತಿ ಖಾತೆಯಾಗುವವರೆಗೆ ಹಣವಿಲ್ಲ. ಬೇರೆಯವರ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುವವರ ಸ್ಥಿತಿ ಇನ್ನೂ ಕಷ್ಟ. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿಸಿ, ಮುಂದೆ ಗೇಣಿಗೆ ಕೊಡುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ಆದ್ದರಿಂದ ಇಂದಿನ ಕೋರು ಬಾಯಿಮಾತಿನ ಒಪ್ಪಂದ, ಕಾಗದವಿಲ್ಲ. ಬಿತ್ತಿ ನಷ್ಟ ಅನುಭವಿಸಿದವರು ಅವರೇ ಆದರೂ ಪರಿಹಾರ ಪಹಣಿದಾರರ ಖಾತೆಗೆ ಜಮೆಯಾಗುತ್ತದೆ. ಅದರಲ್ಲಿ ಪಾಲು ಕೇಳಲು ಅವರ ಬಳಿ ದಾಖಲೆ ಇರುವುದಿಲ್ಲ.